ಸಿಂಹಳದ್ವೀಪದಲ್ಲಿ ಭೋಜನವಿಚಾರ

ದ್ವೀಪಾಂತರಕ್ಕೆ ವಿಹಾರಾರ್ಥವಾಗಿ ಹೋದ ಶಾಕಾಹಾರಿಗೆ ವಸತಿಗಿಂತಲೂ ಭೋಜನದ ಚಿಂತೆಯೇ ದೊಡ್ಡದು. ನಾವು ಸಿಂಹಳದ ದಕ್ಷಿಣತೀರದಲ್ಲಿರುವ ಗಾಲೆಯಲ್ಲಿ ಕೆಲವು ದಿನ ತಂಗಿದ್ದೆವು. 1640ರಲ್ಲಿ ಡಚ್ಚರ ವಶವಾದ ಅಲ್ಲಿಯ ಕೋಟೆಯೊಳಗೆ ಭೋಜನಶಾಲೆಗಳು ಬಹಳ, ದೀಪಾಲಂಕಾರವೂ ಬಹಳ. ಆದರೆ ದೀಪವನ್ನು ನೋಡಿ ಊಟದ ಮನೆಯನ್ನು ಆರಿಸತಕ್ಕುದಲ್ಲ.

ಮೊದಲು ಹೊತ್ತನ್ನು ನೋಡಬೇಕು. ಅನ್ನವೂ ಮೇಲೋಗರಗಳೂ ಮಧ್ಯಾಹ್ನ ಹೊಸದಾಗಿರುತ್ತವೆ. ಊರವರು ಉಣ್ಣುವ ಸಣ್ಣ ಅಂಗಡಿಗಳಲ್ಲಿ ತೆಂಗಿನಹಾಲಿನಲ್ಲಿ ಬೆಂದ ಮಸೂರಿನ ಬೇಳೆ, ಎಳೆಹಲಸಿನ ಪಲ್ಯ ಇವು ಅತಿ ರುಚಿಕರ. ರಾತ್ರಿಗೆ ಬಟ್ಟಲಿನಾಕಾರದ ಆಪ್ಪವೂ ನಮ್ಮ ಒತ್ತುಶಾವಿಗೆಯನ್ನು ಹೋಲುವ ಇಂದಿಆಪ್ಪವೂ ಲೇಸು. ಮಂಗಳದಿನಗಳಲ್ಲಿ ತೆಂಗಿನಹಾಲಿನ ಅನ್ನವನ್ನು ಮಾಡುವರು. ಅದರ ಹೆಸರು ‘ಕಿರಿಬತ್’. ‘ಕ್ಷೀರ’, ‘ಭಕ್ತ’ ಎಂಬ ಸಂಸ್ಕೃತಶಬ್ದಗಳನ್ನು ಬಲ್ಲವನಿಗೆ ಅದು ಹೊಸ ಹೆಸರೆನಿಸದು.

ಎರಡನೆಯದು ಪ್ರಶ್ನೆ. ‘ಮಾಂಸವಿದೆಯೇ?’ ಎಂದಷ್ಟೇ ಕೇಳಿದರೆ ಸಾಲದು. ತೆಂಗಿನತುರಿಯ ‘ಸಂಬೋಲ’ವೆಂಬ ಕೆಂಪು ಚಟ್ನಿಯಲ್ಲಿಯೂ ಕೆಲವು ಪಲ್ಯಗಳಲ್ಲಿಯೂ ‘ಉಂಬಲಕಡ’ದ ಪುಡಿ ಬೆರೆತಿರುವುದುಂಟು. ಇದು ಬೇಯಿಸಿ, ಹೊಗೆಯಾಡಿಸಿ, ಕೊರಡಿನಂತೆ ಒಣಗಿಸಿದ ಮೀನು. ಇದರಲ್ಲಿ ಅವರ ವಂಚನೆಯೇನೂ ಇಲ್ಲ. ನಮ್ಮ ಸಾರಿಗೆ ಇಂಗು ಹೇಗೋ ಅವರ ಪಾಕಕ್ಕೆ ಅದು ಹಾಗೆ. ಕೊಳಂಬು, ಯಾಳ್ಪಾಣಗಳಲ್ಲಿ ತಮಿಳರ ಶೈವ ಭೋಜನಶಾಲೆಗಳುಂಟು. ಉಳಿದೆಡೆ ಹೆಸರು ಹಿಡಿದೇ ಕೇಳಬೇಕು.

ಕೇಳಿದರೆ ಅವರು ನೊಂದುಕೊಳ್ಳುವರೆಂಬ ಸಂಕೋಚ ನಮಗಿತ್ತು. ಆದರೆ ಅಂಗಡಿಯ ಮುದುಕಿತಾಯಿ ನಕ್ಕು, ಬೇರೊಂದು ಕಾಯನ್ನು ಒಡೆದು ತುರಿದು, ಮೆಣಸಿನಪುಡಿ, ನಿಂಬೆರಸಗಳನ್ನಷ್ಟೇ ಬೆರೆಸಿ ಬಡಿಸಿದಳು. ತಟ್ಟೆಯ ಮುಂದೆ ಕುಳಿತು ಸಂಶಯಪಡುವುದು ಅನ್ನಕ್ಕೂ ಬಡಿಸಿದವರಿಗೂ ಅಗೌರವ. ಬಾಗಿಲಲ್ಲಿಯೇ ವಿನಯದಿಂದ ಕೇಳುವುದು ಇಬ್ಬರಿಗೂ ಕ್ಷೇಮ.