ರೇಡಿಯೋದ ಪದ, ನಮ್ಮೂರ ಪದ

ಜತ್ತ ತಾಲೂಕಿನ ಮೂಡಲ ಭಾಗದ ನಮ್ಮ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ತಲಾಠಿಯ ಉತಾರ, ಬಸ್ಸಿನ ಬೋರ್ಡು, ಪಂಚಾಯತಿ ನೋಟೀಸು ಎಲ್ಲ ಮರಾಠಿಯೊಳಗೆ. ಕನ್ನಡ ಸಾಲಿ ಇದೆ, ಖರೆ. ಆದರೆ ಅಲ್ಲಿಯದು ಪುಸ್ತಕದ ಕನ್ನಡ. ‘ಹೋಗೂಣು, ಬರೂಣು’ ಎನ್ನುವ ನಮ್ಮ ಬಾಯಿಯ ಕನ್ನಡ ಮನೆಯ ಹೊರಗೆ ಮಾನದಿಂದ ಕೇಳಿಬರುತ್ತಿದ್ದದ್ದು ಧಾರವಾಡ ಆಕಾಶವಾಣಿಯಲ್ಲಿ, ಅದರಲ್ಲೂ ವಾರಕ್ಕೊಮ್ಮೆ ನಾವು ಕಾದು ಕೇಳುತ್ತಿದ್ದ ಜನಪದ ಸಂಗೀತದಲ್ಲಿ.

ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ. ರೇಡಿಯೋದ ಕಡ್ಡಿಯನ್ನು 765ರ ಹತ್ತಿರ ತಂದು ನಿಲ್ಲಿಸಿದರೆ ಸಾಕು. ಅದು ಮೀಡಿಯಂ ವೇವ್. ಈ ತರಂಗ ನೆಲ ಹಿಡಿದು ಸಾಗುತ್ತದೆ. ಕತ್ತಲಾದ ಮೇಲೆ ಆಕಾಶದ ಮೇಲಿನ ಪದರಕ್ಕೆ ತಾಗಿ ಕೆಳಗಿಳಿದು ಇನ್ನೂ ದೂರ ಮುಟ್ಟುತ್ತದೆ. ಎಫ್.ಎಂ. ಹಂಗಲ್ಲ, ಕಣ್ಣಳತೆಗಿಂತ ಬಹಳ ಮುಂದೆ ಹೋಗುವುದಿಲ್ಲ. ಆ ದೊಡ್ಡ ತರಂಗಕ್ಕೆ ರಾಜ್ಯದ ಗಡಿ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಡೊಳ್ಳಿನ ಪದ, ಚೌಡಕಿ ಪದ, ಗೀಗೀ ಪದ, ಸೋಬಾನ, ತತ್ವಪದ ಎಲ್ಲ ಬರುತ್ತಿದ್ದವು. ಹಳೆಯ ಧಾಟಿಯಲ್ಲಿ ಹೊಸದಾಗಿ ಕಟ್ಟಿದ ಪದಗಳೂ ಬರುತ್ತಿದ್ದವು. ಕಣದಲ್ಲಿ ಎತ್ತು ಕಟ್ಟಿ ರಾಶಿ ಮಾಡುವಾಗ ರಾತ್ರಿಯೆಲ್ಲ ಹಾಡುವ ಹಂತಿ ಪದ ರೇಡಿಯೋದಲ್ಲಿ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತಿತ್ತು. ಬೀಸುಕಲ್ಲಿನ ಪದಕ್ಕೆ ಹಾರ್ಮೋನಿಯಂ ಕೂಡುತ್ತಿತ್ತು. ‘ಪೇಟಿ ಬಾರಿಸಿದರ ಕಲ್ಲಿನ ಸಪ್ಪಳ ಎಲ್ಲಿ ಕೇಳಬೇಕವ್ವಾ?’ ಎಂದು ನಮ್ಮ ಆಯಿ ನಗುತ್ತಿದ್ದಳು. ನಕ್ಕರೂ ಎದ್ದು ಹೋಗುತ್ತಿರಲಿಲ್ಲ.

ರೇಡಿಯೋದ ಹಾಡು ಮನೆಮನೆಯ ಹಾಡನ್ನು ನುಂಗಿತು ಎಂದು ಕೆಲವರು ಹೇಳುತ್ತಾರೆ. ನಾನು ಕಂಡದ್ದು ಬೇರೆ. ಒಂದು ಪದ ಮುಗಿಯುವುದೇ ತಡ, ಆಯಿ ‘ಹಿಂಗಲ್ಲ ಅದು’ ಎನ್ನುತ್ತಿದ್ದಳು. ತನ್ನ ತವರಿನ ಧಾಟಿಯಲ್ಲಿ ಎತ್ತುತ್ತಿದ್ದಳು. ಇಂಡಿ ಕಡೆಯಿಂದ ಸೊಸೆಯಾಗಿ ಬಂದಿದ್ದ ನೆರೆಮನೆಯಾಕಿ ‘ನಮ್ಮ ಕಡೆ ಅದೂ ಅಲ್ಲರೀ, ಅತ್ತಿ’ ಎಂದು ಮೂರನೆಯ ಧಾಟಿ ತೆಗೆಯುತ್ತಿದ್ದಳು. ರೇಡಿಯೋ ಒಂದು ಪದ ಕೊಟ್ಟರೆ ಕಟ್ಟೆಯ ಮೇಲೆ ಮೂರಾಗುತ್ತಿದ್ದವು. ಹಾಡು ಒಮ್ಮೆ ಬಂದು ಹೋದರೆ ಮತ್ತೆ ತಿರುಗಿಸಿ ಕೇಳುವಂತಿರಲಿಲ್ಲ. ಅದಕ್ಕೇ ಹೊಸ ಪದ ಬಂದರೆ ಒಬ್ಬಾಕಿ ಪಲ್ಲ ಹಿಡಿದಿಟ್ಟುಕೊಂಡರೆ ಇನ್ನೊಬ್ಬಾಕಿ ನುಡಿ ಹಿಡಿಯುತ್ತಿದ್ದಳು. ಇಬ್ಬರೂ ಕೂಡಿದರೇ ಪೂರಾ ಪದ.

ನಮಗೆ ದೂರವಲ್ಲದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರಂಥ ಗೆಳೆಯರು ಹೆಂಗಸರ ತ್ರಿಪದಿಗಳನ್ನು ಕೂಡಿಹಾಕಿದರು. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅಚ್ಚಿನಲ್ಲಿ ತ್ರಿಪದಿಗೆ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ತುಂಡೊಂದು ಮತ್ತೆ ಬಂದು ಅದು ನಾಲ್ಕಾಗುತ್ತದೆ. ಆ ಮರಳಿ ಬರುವ ತುಂಡು, ಅಲ್ಲಿ ದನಿ ಎಳೆಯುವ ರೀತಿ ಕಾಗದದ ಮೇಲೆ ಕಾಣುವುದಿಲ್ಲ. ಅದು ಕಿವಿಯಿಂದ ಕಿವಿಗೇ ಹೋಗಬೇಕು.

ಈಗ ಗಿರಣಿ ಬಂದು ಬೀಸುಕಲ್ಲು ಹಿತ್ತಲು ಸೇರಿದೆ. ಮಷಿನ್ನು ಬಂದು ಹಂತಿ ನಿಂತಿದೆ. ಹಾಡಿಗೆ ಬರಗಾಲವೇನೂ ಇಲ್ಲ. ಆಕಾಶವಾಣಿಯ ಆ್ಯಪಿನಲ್ಲಿ ಧಾರವಾಡ ನಿಲಯ ಗರಗರ ಸಪ್ಪಳವಿಲ್ಲದೆ ಮೊಬೈಲಿಗೇ ಬರುತ್ತದೆ. ಬೇಕಾದ ಜನಪದ ಗೀತೆ ಬೇಕಾದಷ್ಟು ಸಲ ಕೇಳಬಹುದು. ಆದರೆ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಒಬ್ಬರೇ ಕೇಳುವಾಗ ‘ಹಿಂಗಲ್ಲ ಅದು’ ಎಂದು ಯಾರಿಗೆ ಹೇಳಬೇಕು? ನಮ್ಮೂರ ಧಾಟಿ ಉಳಿದದ್ದು ಆ ತಕರಾರಿನಲ್ಲೇ.

ಹಳೆಯ ಪದ ಬಲ್ಲ ಆಯಿಗಳು ಊರಲ್ಲಿ ಈಗ ಬೆರಳೆಣಿಕೆಯಷ್ಟು. ಅದಕ್ಕೆ ನಮ್ಮ ವಾಚನಾಲಯದ ಮುಂದೆ ನನ್ನದೊಂದು ಮಾತು. ವಾರಕ್ಕೊಂದು ಸಂಜೆ ಪೇಪರು ಮಡಚಿಟ್ಟು, ರೇಡಿಯೋದ ಜನಪದ ಸಂಗೀತವನ್ನು ಎಲ್ಲರಿಗೂ ಕೇಳುವಂತೆ ಹಚ್ಚೋಣ. ಆಯಿಗಳನ್ನು ಕರೆದು ಮುಂದಿನ ಸಾಲಿನಲ್ಲಿ ಕೂಡಿಸೋಣ. ಪದ ಮುಗಿದ ಮೇಲೆ ಅವರಲ್ಲಿ ಯಾರಾದರೂ ತಲೆ ಅಲ್ಲಾಡಿಸಿ ‘ಅಲ್ಲ’ ಅಂದರೆ, ರೇಡಿಯೋ ಬಂದ್ ಮಾಡಿ ಅವರ ಕೈಲೇ ಹಾಡಿಸೋಣ.