ಪ್ಯಾರಿಸಿನ ಬೀದಿಯಲ್ಲಿ ಎರಡು ಕಣ್ಣಿನ ಕ್ಯಾಮೆರಾ

ಪ್ಯಾರಿಸ್ ನಗರಕ್ಕೆ ಹೋದವರೆಲ್ಲ ಐಫೆಲ್ ಗೋಪುರವನ್ನು ಕಂಡು ಬರುತ್ತಾರೆ. ಬೋಮಾರ್ಷೆ ಬುಲ್‌ವಾರಿನ ಕಡೆಗೆ ಕಾಲು ಹಾಕುವವರು ವಿರಳ. ಬಾಸ್ತೀ ಚೌಕದಿಂದ ಉತ್ತರಕ್ಕೆ ಹೊರಟ ಈ ಸಾಲುಮರಗಳ ಬೀದಿಯು ಕ್ಯಾಮೆರಾ ಅಂಗಡಿಗಳಿಗೆ ಹೆಸರಾದುದು. ಅಲ್ಲಿನ ಗಾಜಿನ ಕಪಾಟುಗಳಲ್ಲಿ ಹೊಸ ಯಂತ್ರಗಳಿಗಿಂತ ಹಳೆಯವಕ್ಕೇ ಮರ್ಯಾದೆ ಹೆಚ್ಚೆಂದು ನನಗೆ ತೋರಿತು. ಅವುಗಳ ನಡುವೆ, ಕರಿಯ ಚರ್ಮ ಹೊದ್ದು, ಒಂದರ ಮೇಲೊಂದು ಎರಡು ಕಣ್ಣು ಬಿಟ್ಟುಕೊಂಡು ಕುಳಿತಿತ್ತು ರೊಲೈಫ್ಲೆಕ್ಸ್. ನಮ್ಮೂರ ಸ್ಟುಡಿಯೋಗಳಲ್ಲಿ ಇಂಥದೇ ಎರಡು ಕಣ್ಣಿನ ಕ್ಯಾಮೆರಾದ ಮುಂದೆ ಉಸಿರು ಬಿಗಿಹಿಡಿದು ನಿಂತ ಹಿರಿಯರಿಗೆ ಇದರ ಕುಲವನ್ನು ಹೇಳಬೇಕಾಗಿಲ್ಲ.

1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ ಹುಟ್ಟಿದ ಯಂತ್ರವಿದು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಛಾಯಾಗ್ರಾಹಕನು ಇದನ್ನು ಸೊಂಟದ ಮಟ್ಟದಲ್ಲಿ ಹಿಡಿದು, ತಲೆ ಬಾಗಿಸಿ, ನೆತ್ತಿಯ ಗಾಜಿನಲ್ಲಿ ಮೂಡುವ ಬಿಂಬವನ್ನು ನೋಡುತ್ತಾನೆ. ಬಿಂಬದಲ್ಲಿ ಎಡವು ಬಲವಾಗಿರುತ್ತದೆ! ಒಂದು ಸುರುಳಿಗೆ ಆರು ಸೆಂಟಿಮೀಟರ್ ಚೌಕದ 12 ಚಿತ್ರಗಳು ಮಾತ್ರ. ಆದರೆ ಒಂದೊಂದು ಚೌಕವೂ ಸಣ್ಣ ಕ್ಯಾಮೆರಾದ ಫಿಲ್ಮಿಗಿಂತ ಸುಮಾರು ಮೂರೂವರೆ ಪಟ್ಟು ದೊಡ್ಡದಾದ್ದರಿಂದ, ಬಟ್ಟೆಯ ನೇಯ್ಗೆ, ನೆರಿಗೆ, ಹೊಲಿಗೆಗಳೆಲ್ಲ ಕಣ್ಣಿಗೆ ಕಟ್ಟುತ್ತವೆ. 1948ರಲ್ಲಿ ಬಂದ ಸ್ವೀಡನ್ನಿನ ಹಾಸೆಲ್‌ಬ್ಲಾಡ್‌ನಲ್ಲಿ ಮಸೂರವನ್ನು ಬದಲಿಸಬಹುದು, ನಿಜ. ಆದರೆ ಚಿತ್ರ ಬೀಳುವ ಗಳಿಗೆಯಲ್ಲಿ ಅದರೊಳಗಿನ ಕನ್ನಡಿ ಮೇಲೆದ್ದು ನೋಟವನ್ನು ಮರೆಮಾಡುತ್ತದೆ. ರೊಲೈಫ್ಲೆಕ್ಸ್ ಹಿಡಿದವನಿಗೆ ಆ ಗಳಿಗೆಯೂ ಕಾಣುತ್ತದೆ. ತಿರುಗುತ್ತಿರುವ ಲಂಗದ ಚಿತ್ರ ತೆಗೆಯುವವನಿಗೆ ಇದು ಸಣ್ಣ ಸಂಗತಿಯಲ್ಲ.

ತಿರುಗುವ ಲಂಗ ಎಂದೆನಲ್ಲ, ಅದರ ಕಥೆ ನಗರದ ಪಶ್ಚಿಮ ಭಾಗದಲ್ಲಿದೆ. ಮಾಂಟೇನ್ ಆವೆನ್ಯೂವಿನ 30ನೆಯ ಸಂಖ್ಯೆಯ ಮನೆಯಲ್ಲಿ 1947ರ ಫೆಬ್ರವರಿ 12ರಂದು ಕ್ರಿಸ್ತಿಯಾನ್ ಡಿಯೋರ್ ತನ್ನ ಮೊದಲ ಉಡುಪುಗಳನ್ನು ಪ್ರದರ್ಶಿಸಿದನು. ಸಣ್ಣ ನಡು, ಗಜಗಟ್ಟಲೆ ಬಟ್ಟೆಯ ಅಗಲ ಲಂಗ. ಆತನಿಗೆ ಬಂಡವಾಳ ಹಾಕಿದ್ದವನು ಮಾರ್ಸೆಲ್ ಬುಸಾಕ್ ಎಂಬ ಜವಳಿ ಗಿರಣಿಗಳ ಒಡೆಯನೆಂಬುದನ್ನು ಓದುಗರು ಮರೆಯಬಾರದು. ಅದೇ ಆಗಸ್ಟಿನಲ್ಲಿ, ಅಲ್ಲಿಂದ ನಡೆದು ಹೋಗುವಷ್ಟು ದೂರದ ಕಾಂಕಾರ್ಡ್ ಚೌಕದಲ್ಲಿ, 24 ವರ್ಷದ ಅಮೆರಿಕನ್ ತರುಣ ರಿಚರ್ಡ್ ಆವೆಡಾನ್ ರೆನೆ ಎಂಬ ರೂಪದರ್ಶಿಯನ್ನು ಗಿರ್ರನೆ ತಿರುಗಿಸಿ ಚಿತ್ರ ತೆಗೆದನು. ಆ ಕಾಲದಲ್ಲಿ ರೊಲೈಫ್ಲೆಕ್ಸ್ ಆತನ ನೆಚ್ಚಿನ ಸಂಗಾತಿ. ಸೊಂಟದ ಮಟ್ಟದಿಂದ ನೋಡುವ ಕ್ಯಾಮೆರಾಕ್ಕೆ ಕಾಲು ನೀಳವಾಗಿ, ಲಂಗ ತುಂಬಿಕೊಂಡು ಕಾಣುತ್ತದೆ. ಆ ಲಂಗಕ್ಕೂ ಈ ಕ್ಯಾಮೆರಾಕ್ಕೂ ಹೇಳಿ ಮಾಡಿಸಿದ ಜೋಡಿ.

ಆದರೆ ಅದು ಯುದ್ಧದ ಬಡತನ ಇನ್ನೂ ಹರಿಯದ ಕಾಲ. ಜನರಿಗೆ ಬಟ್ಟೆಯ ಅಭಾವ. ಅದೇ ವರ್ಷ ಮಾಂಮಾರ್ತ್ರ್ ಗುಡ್ಡದ ಲೆಪಿಕ್ ಬೀದಿಯಲ್ಲಿ, ಡಿಯೋರ್ ಉಡುಪು ತೊಟ್ಟು ಫೋಟೋಕ್ಕೆ ನಿಂತಿದ್ದ ರೂಪದರ್ಶಿಯ ಮೇಲೆ ಸಂತೆಯ ಹೆಂಗಸರು ಬಿದ್ದು ಬಟ್ಟೆಯನ್ನು ಹರಿದರು. ಆ ಜಗಳದ ಚಿತ್ರಗಳೂ ಉಳಿದಿವೆ. ಆವೆಡಾನನ ಚಿತ್ರದಷ್ಟೇ ಅವೂ ನಿಜವೆಂದು ನನ್ನ ಎಣಿಕೆ. ಆ ಹೆಂಗಸರನ್ನು ಬಯ್ಯಲು ನನಗೆ ಮನಸ್ಸು ಬಾರದು; ಹಾಗೆಂದು ಡಿಯೋರನ ಮಹಡಿಯಲ್ಲಿ ಸೂಜಿದಾರ ಹಿಡಿದು ಹೊಟ್ಟೆ ಹೊರೆಯುತ್ತಿದ್ದ ಹೆಂಗಸರನ್ನು ಮರೆಯುವುದು ಹೇಗೆ?

ಕಾಂಕಾರ್ಡ್ ಚೌಕದಲ್ಲಿ ನಾನು ನಿಂತಿದ್ದ ಸಂಜೆ, ಕಾಲೇಜಿನ ವಯಸ್ಸಿನ ಇಬ್ಬರು ಹುಡುಗಿಯರು ಕಾರಂಜಿಯ ಬಳಿ ಇದೇ ಕೆಲಸದಲ್ಲಿ ತೊಡಗಿದ್ದರು. ಒಬ್ಬಳ ಕೊರಳಿನಲ್ಲಿ ಅದೇ ಎರಡು ಕಣ್ಣಿನ ಕ್ಯಾಮೆರಾ. ಮೈಮೇಲಿನ ಅಗಲ ಲಂಗವನ್ನು ಯಾವುದೋ ಹಳೆಯ ಪರದೆಯ ಬಟ್ಟೆಯಿಂದ ತಾನೇ ಹೊಲಿದೆನೆಂದು ಇನ್ನೊಬ್ಬಳು ನನಗೆ ಹೆಮ್ಮೆಯಿಂದ ಹೇಳಿದಳು. ಲಂಗದವಳು ಎಡಕ್ಕೆ ಸರಿದಾಗಲೆಲ್ಲ ಕ್ಯಾಮೆರಾದವಳು ತಪ್ಪು ದಿಕ್ಕಿಗೆ ತಿರುಗಿ, ಇಬ್ಬರೂ ನಗುತ್ತಿದ್ದರು. ಹನ್ನೆರಡನೆಯ ಚಿತ್ರ ಮುಗಿದೊಡನೆ ಆಕೆ ಬಿಸಿಲಿಗೆ ಬೆನ್ನು ಮಾಡಿ, ತನ್ನದೇ ನೆರಳಿನಲ್ಲಿ ಸುರುಳಿಯನ್ನು ಬದಲಿಸತೊಡಗಿದಳು. ಲಂಗದ ಹುಡುಗಿ ಕಟ್ಟೆಯ ಮೇಲೆ ಕುಳಿತು ಬೂಟು ಕಳಚಿ, ಚೀಲದಿಂದ ರೊಟ್ಟಿಯ ತುಂಡನ್ನು ತೆಗೆದಳು.