ಮೌನದ ಬಾಡಿಗೆ

ದಿಬ್ಬಣಕ್ಕೆಂದು ಗೊತ್ತುಮಾಡಿದ ಬಸ್ಸನ್ನು ನೀವು ನೋಡಿರಬಹುದು. ಅರ್ಧ ಬಸ್ಸು ಖಾಲಿಯಿದ್ದರೂ ದಾರಿಯಲ್ಲಿ ಕೈಯೊಡ್ಡಿ ನಿಂತವರಿಗೆ ಅದರಲ್ಲಿ ಎಡೆಯಿಲ್ಲ. ಬಾಡಿಗೆ ಇಡೀ ಬಸ್ಸಿಗೆ, ಕುಳಿತವರ ಲೆಕ್ಕಕ್ಕಲ್ಲ. ಹಳೆಯ ಟೆಲಿಫೋನಿನ ರೀತಿಯೂ ಇದೇ. ಮಾತು ಮೊದಲಾಗುವ ಮುನ್ನವೇ ಈ ತುದಿಯಿಂದ ಆ ತುದಿಯವರೆಗೆ ಒಂದು ದಾರಿಯನ್ನು ಇಬ್ಬರಿಗಾಗಿಯೇ ಕಾದಿರಿಸಿ, ರಿಸೀವರನ್ನು ಕೆಳಗಿಡುವ ತನಕ ಮೂರನೆಯವರಿಗೆ ಬಿಡುತ್ತಿರಲಿಲ್ಲ. ಇದಕ್ಕೆ ಸರ್ಕ್ಯೂಟ್ ಸ್ವಿಚಿಂಗ್ ಎಂದು ಹೆಸರು. ಧ್ವನಿಯು ಅಂಕಿಗಳಾಗಿ ಹರಿಯತೊಡಗಿದ ಮೇಲೂ ಅದನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಕರೆಗೂ 64,000 ಬಿಟ್‌ಗಳ ಜಾಗವನ್ನು ಮೀಸಲಿಡುತ್ತಿದ್ದರು. ನೀವು ಮಾತನಾಡಿ, ಸುಮ್ಮನಿರಿ, ಜಾಗ ನಿಮ್ಮದೇ.

ನಾನು ಹಾಸ್ಟೆಲಿನಲ್ಲಿದ್ದ ದಿನಗಳಲ್ಲಿ ಎಸ್‌ಟಿಡಿ ಬೂತಿನ ಕೆಂಪು ಅಂಕಿಗಳು ಮೌನವನ್ನೂ ಮಾತಿನ ದರದಲ್ಲೇ ಎಣಿಸುತ್ತಿದ್ದವು. ನಮ್ಮ ತಾಯಿಯವರೋ ಮಿತಭಾಷಿಗಳು. 'ಊಟ ಆಯ್ತೇನೋ?' ಎಂದು ಕೇಳಿ ಸುಮ್ಮನಾಗಿಬಿಡುವರು. ಆದರೆ ಆ ಬರಿದೆಡೆಯಲ್ಲಿ ನಮ್ಮ ಮನೆ ಕೇಳಿಸುತ್ತಿತ್ತು: ಕುಕ್ಕರಿನ ಸೀಟಿ, ಪಕ್ಕದ ಮನೆಯ ರೇಡಿಯೊ, ಹಿತ್ತಿಲ ಬಾಗಿಲ ಕಿರುಗುಟ್ಟು, ತಂದೆಯವರ ಕೆಮ್ಮು. ಕೆಮ್ಮು ಹೆಚ್ಚಿದೆಯೆಂದು ಯಾರೂ ಹೇಳದಿದ್ದರೂ ನಾನು ಆ ರಾತ್ರಿಯೇ ಊರಿಗೆ ಹೊರಟದ್ದುಂಟು.

ಕಂಪ್ಯೂಟರುಗಳು ಪರಸ್ಪರ ಮಾತಿಗಿಳಿದಾಗ ಈ ಠೀವಿ ದುಬಾರಿಯಾಯಿತು. ಒಂದು ಕ್ಷಣ ಗಳಗಳನೆ ಹರಟಿ ಬಹುಹೊತ್ತು ಸುಮ್ಮನಿರುವ ಜಾತಿ ಅವು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್, ಬ್ರಿಟನ್ನಿನ ಡೊನಾಲ್ಡ್ ಡೇವೀಸ್ ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಉಪಾಯಕ್ಕೆ ಬಂದರು: ಸಂದೇಶವನ್ನು ತುಂಡುಮಾಡಿ, ತುಂಡುತುಂಡಿಗೂ ವಿಳಾಸ ಬರೆದು ಬಿಟ್ಟುಬಿಡುವುದು. 'ಪ್ಯಾಕೆಟ್' ಎಂಬ ಹೆಸರು ಡೇವೀಸರದು. 1969ರಲ್ಲಿ ಅಮೆರಿಕದ ಆರ್ಪಾನೆಟ್ ಈ ಕ್ರಮದಲ್ಲಿ ನಡೆಯತೊಡಗಿತು. ದಿಬ್ಬಣದವರು ಬಾಡಿಗೆ ಬಸ್ಸನ್ನು ಬಿಟ್ಟು, ಸಿಕ್ಕ ಸರ್ವಿಸ್ ಬಸ್ಸು ಹತ್ತಿ ಛತ್ರದಲ್ಲಿ ಕೂಡಿಕೊಂಡಂತೆ.

ಆದರೆ ನಿಲ್ದಾಣದಲ್ಲಿ ನೂಕುನುಗ್ಗಲು ತಪ್ಪದು. ಬಂದವರಿಗೆ ಬಂದ ಸರದಿಯೆಂದರೆ, ಹೆಚ್ಚು ತುಂಡುಗಳನ್ನು ಸುರಿದವನಿಗೇ ಹೆಚ್ಚು ಪಾಲು. 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಎಂಬ ಮೂವರು ವಿವರಿಸಿದ ನ್ಯಾಯದ ಸರದಿ ನಮ್ಮ ಪಂಕ್ತಿಯಲ್ಲಿ ಬಡಿಸುವವರಿಗೆ ಹೊಸದೆನಿಸದು: ಒಬ್ಬನ ಎಲೆಗೇ ಹೋಳಿಗೆಯನ್ನೆಲ್ಲ ಸುರಿಯದೆ ಎಲೆಯಿಂದ ಎಲೆಗೆ ಸಾಗುವುದು. ಮಾತಿಗಂತೂ ಇನ್ನಷ್ಟು ಅವಸರ. ಪತ್ರದ ತುಂಡು ತಡವಾದರೆ ಕಾಯಬಹುದು. ಮಾತಿನ ತುಂಡು ಹೊತ್ತು ಮೀರಿ ಬಂದರೆ ಎಸೆಯುವುದೇ ಸರಿ. ಆದಕಾರಣ ಹಲವು ಜಾಲಗಳಲ್ಲಿ, ಕೂಸೆತ್ತಿಕೊಂಡವಳನ್ನು ಮೊದಲು ಹತ್ತಿಸುವಂತೆ, ಮಾತನ್ನು ಮುಂದೆ ಬಿಡುತ್ತಾರೆ.

ನನ್ನ ಮನಸ್ಸನ್ನು ಕಲಕಿದ್ದು, ನಮ್ಮ ಕಾಲೇಜಿನ ಗಣಕವಿಜ್ಞಾನದ ಮಿತ್ರರು ಹೇಳಿದ ಇನ್ನೊಂದು ಸಂಗತಿ. ಮೊಬೈಲು, ಅಂತರಜಾಲಗಳ ಕರೆಯಲ್ಲಿ ಒಬ್ಬರು ಸುಮ್ಮನಾದರೆ ಅವರ ಕಡೆಯಿಂದ ತುಂಡುಗಳು ಹೊರಡುವುದು ಬಹುಮಟ್ಟಿಗೆ ನಿಲ್ಲುವುದುಂಟು. ಉಳಿದ ಜಾಗ ಪರರಿಗೆ. ಕೇಳುವವನು ಸಂಪರ್ಕ ಕಡಿಯಿತೆಂದು ಬೆದರದಿರಲೆಂದು ಅವನ ಕೈಯಲ್ಲಿರುವ ಯಂತ್ರವೇ ಒಂದು ಹುಸಿ ಮರ್ಮರವನ್ನು ಹುಟ್ಟಿಸುತ್ತದೆ. ಆ ಕಡೆಯಿಂದ ಆಗಾಗ ಬರುವುದು ಸದ್ದಿನ ಸ್ಥೂಲವಾದ ಅಳತೆ ಮಾತ್ರ. 'ಕಂಫರ್ಟ್ ನಾಯ್ಸ್' ಎಂದು ಅದರ ಹೆಸರಂತೆ, ಸಾಂತ್ವನದ ಸದ್ದು! ಹೆಸರಿಟ್ಟವರು ರಸಿಕರೇ ಇರಬೇಕು.

ಈಗ ತಂದೆಯವರಿಲ್ಲ. ತಾಯಿಯವರು ಊರಿನಲ್ಲಿ ಒಬ್ಬರೇ. ಭಾನುವಾರ ಗಂಟೆಗಟ್ಟಲೆ ಮಾತನಾಡಿದರೂ ಬೇರೆ ಖರ್ಚಿಲ್ಲ. ಈ ಸೌಕರ್ಯವನ್ನು ನಾನು ಹಗುರವಾಗಿ ಎಣಿಸುವವನಲ್ಲ. ಆದರೆ ಅವರು ಸುಮ್ಮನಾದಾಗ ಕಿವಿಗೆ ಬೀಳುವುದು ನಮ್ಮ ಮನೆಯೋ, ನನ್ನ ಅಂಗೈಯ ಯಂತ್ರವೋ ತಿಳಿಯದು. ಹಾಗಾಗಿ ಈಗೀಗ ಬಾಯಿಬಿಟ್ಟೇ ಕೇಳುತ್ತೇನೆ: ಕುಕ್ಕರು ಇಟ್ಟೆಯಾ, ಹಿತ್ತಿಲ ಬಾಗಿಲು ಹಾಕಿದೆಯಾ, ಕೆಮ್ಮು ಏನಾದರೂ ಇದೆಯೇ? 'ಇದೇನೋ, ಪೊಲೀಸಿನವರ ಹಾಗೆ' ಎನ್ನುತ್ತಲೇ ಅಮ್ಮ ಒಂದೊಂದಕ್ಕೂ ಉತ್ತರ ಕೊಡುತ್ತಾರೆ.